ಕವರಣ್ಣನ ಕ್ಯಾಮೆರಾ ಮತ್ತು ಉಬ್ಬಿದ ಬೀದಿ

ನಮ್ಮ ಕಟ್ಟಡ ವಿಭಾಗದ ಗುಮಾಸ್ತರೊಬ್ಬರಿಗೆ ಕವರಣ್ಣ ಎಂಬ ಹೆಸರು ಯಾವಾಗ ಬಿತ್ತು ಎಂದು ಯಾರಿಗೂ ನೆನಪಿಲ್ಲ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಆ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಅವರದು, ಮನೆಗೆ ಬಂದರೆ ಪಕ್ಕದ ಬಾಗಿಲೂ ಅವರದೇ. ಆದ್ದರಿಂದ ನಾನಿಲ್ಲಿ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಗೋಡೆಯಾಚೆಯಿಂದ ಕೇಳಿದ್ದು. ಗೋಡೆಯಾಚೆಯದೇ ಹೆಚ್ಚು ಸ್ಪಷ್ಟವಾಗಿರುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಅವರ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವಂತಿಲ್ಲ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು. ಸೋಫಾಗೆ ಬಟ್ಟೆಯ ಕವರು, ಆ ಬಟ್ಟೆ ಕೊಳೆಯಾಗದಿರಲಿ ಎಂದು ಅದರ ಮೇಲೊಂದು ಹಳೆಯ ಬೆಡ್‌ಶೀಟು, ನಾನು ಹೋಗಿ ಕುಳಿತುಕೊಳ್ಳುವ ದಿನ ಅದರ ಮೇಲೊಂದು ಟವೆಲು. ಆ ಸೋಫಾದ ನಿಜವಾದ ಬಣ್ಣ ಯಾವುದು ಎಂದು ಒಮ್ಮೆ ಕೇಳಿದೆ. ಗಂಡ ಒಂದು ಬಣ್ಣ ಹೇಳಿದರು, ಹೆಂಡತಿ ಇನ್ನೊಂದು ಹೇಳಿದರು. ಹೊಸ ಫ್ರಿಜ್ಜಿನ ಮೈಗೆ ಅಂಟಿ ಬಂದ ಪ್ಲಾಸ್ಟಿಕ್ ಹಾಳೆಯನ್ನು ಕೊನೆಯವರೆಗೂ ಕೀಳದೆ, ಫ್ರಿಜ್ಜೇ ಕೆಟ್ಟುಹೋದ ಮೇಲೆ ಹಾಳೆ ಸಮೇತ ಗುಜರಿಯವನಿಗೆ ಒಪ್ಪಿಸಿದವರು ಅವರು. "ನೋಡಪ್ಪಾ, ಎಲ್ಲಾದ್ರೂ ಒಂದು ಗೀರಿದೆಯಾ?" ಎಂದು ಅವನನ್ನು ಫ್ರಿಜ್ಜಿನ ಸುತ್ತ ಒಂದು ಸುತ್ತು ಹಾಕಿಸಿದ್ದನ್ನು ನಾನೇ ನೋಡಿದ್ದೇನೆ.

ಇಂಥವರ ಕೈಗೆ ಸರ್ಕಾರ ಒಂದು ಕ್ಯಾಮೆರಾ ಕೊಟ್ಟಿತು.

ಊರಿನ ಹಳೆಯ ಕಟ್ಟಡಗಳ ಸ್ಥಿತಿಗತಿಯನ್ನು ಫೋಟೋ ಸಮೇತ ವರದಿ ಮಾಡಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಆದೇಶದ ಹಿಂದೆಯೇ ಹೊಸ ಡಿಜಿಟಲ್ ಕ್ಯಾಮೆರಾ ಬಂತು. ನಮ್ಮ ಇಂಜಿನಿಯರ್ ಸಾಹೇಬರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಇಡೀ ವಿಭಾಗದ ಮೇಲೆ ಒಮ್ಮೆ ಕಣ್ಣಾಡಿಸಿ, ಕವರಣ್ಣನ ಮೇಲೆ ದೃಷ್ಟಿ ನಿಲ್ಲಿಸಿದರು.

"ನೀವೇ ಇಟ್ಕೊಳ್ಳಿ. ಇದರ ಪರದೆ ಮೇಲೆ ಒಂದು ಗೀರು ಬಿತ್ತೋ, ಜವಾಬ್ದಾರಿ ನಿಮ್ಮದು."

ಇನ್ನೊಬ್ಬರಾಗಿದ್ದರೆ ಈ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗುತ್ತಿತ್ತು. ಕವರಣ್ಣನ ಕಿವಿಯಲ್ಲಿ ಹೊಕ್ಕ ಮಾತು ಅಲ್ಲೇ ಕವರು ಹಾಕಿಸಿಕೊಂಡು ಉಳಿಯುತ್ತದೆ. ಅಂದಿನಿಂದ ಅವರಿಗೆ ಊಟ ರುಚಿಸಲಿಲ್ಲ. ಕ್ಯಾಮೆರಾದ ಬೆನ್ನಿಗಿರುವ ಆ ಪುಟ್ಟ ಪರದೆಗೆ ಗಾರ್ಡ್ ಹಾಳೆ ಅಂಟಿಸಬೇಕೋ, ಬೇಡವೋ? ನನ್ನನ್ನು ಕೇಳಿದರು. ನಾನು ಅಂಟಿಸಿ ಎಂದೆ. ನಾನು ಇಷ್ಟು ಬೇಗ ಉತ್ತರ ಕೊಟ್ಟದ್ದರಿಂದ ನನ್ನ ಮೇಲೆ ನಂಬಿಕೆ ಹೋಗಿ, ಆಫೀಸಿನ ಹಿಂದಿನ ಬೀದಿಯ ಕ್ಯಾಮೆರಾ ಅಂಗಡಿಗೆ ಹೊರಟರು. ಏನಾಗುತ್ತದೆ ನೋಡೋಣ ಎಂಬ ಕುತೂಹಲದಿಂದ ನಾನೂ ಹಿಂದೆ ಹೋದೆ.

"ಹಾಕಬೇಕಾ, ಬೇಡ್ವಾ?" ಎಂದರು ಕವರಣ್ಣ.

"ಹಾಕಿದ್ರೆ ಒಳ್ಳೇದು ಸಾರ್," ಎಂದ ಅಂಗಡಿಯವನು.

"ಹಾಕದೇ ಇದ್ರೆ?"

"ಏನೂ ಆಗಲ್ಲ. ಈಗಿನ ಪರದೆಗಳೇ ಗಟ್ಟಿ ಗಾಜು."

"ಹಾಗಾದ್ರೆ ಬೇಡ ಅಂತೀರಾ?"

"ಬೇಡ ಅಂತ ಎಲ್ಲಿ ಅಂದೆ? ಬ್ಯಾಗಲ್ಲಿ ಬೀಗದಕೈ ಜೊತೆ ಹಾಕ್ಕೊಂಡ್ರೆ ಗೀರು ಬೀಳುತ್ತೆ."

"ನಾನು ಬೀಗದಕೈ ಬೇರೆ ಚೀಲದಲ್ಲಿ ಇಡ್ತೀನಿ."

"ಹಾಗಾದ್ರೆ ಬೇಡ ಬಿಡಿ."

"ಅಕಸ್ಮಾತ್ ಒಂದಿನ ಮರೆತು ಇದರಲ್ಲೇ ಇಟ್ಟುಬಿಟ್ರೆ?"

"ಹಾಗಾದ್ರೆ ಹಾಕಿ."

"ಬಿಸಿಲಲ್ಲಿ ಕಾಣುತ್ತಾ?"

"ಸ್ವಲ್ಪ ಮಂಕಾಗುತ್ತೆ."

"ಹಾಗಾದ್ರೆ ಬೇಡ?"

ಅಂಗಡಿಯವನು ಎರಡೂ ಕೈ ಗಲ್ಲಕ್ಕೆ ಕೊಟ್ಟು ಕುಳಿತ. ಕವರಣ್ಣ ತನಿಖೆಯ ಕೊನೆಯ ಅಸ್ತ್ರ ತೆಗೆದರು. "ನಿಮ್ಮ ಸ್ವಂತ ಕ್ಯಾಮೆರಾಗೆ ಹಾಕಿದ್ದೀರಾ ಇಲ್ವಾ? ಅದನ್ನ ಹೇಳಿ ಸಾಕು."

"ನನ್ನ ಹತ್ರ ಕ್ಯಾಮೆರಾ ಇಲ್ಲ ಸಾರ್. ಮಾರ್ತೀನಿ ಅಷ್ಟೇ."

ತೀರ್ಮಾನ ಕೊಟ್ಟದ್ದು ಪಕ್ಕದ ಕನ್ನಡಕದ ಅಂಗಡಿಯವರು. ಕವರಣ್ಣ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಕಿಂಡಿಯಲ್ಲಿ ನೋಡುವಾಗ ಅವರ ಮೂಗು ಪರದೆಯ ಮೇಲೆ ಪೂರ್ತಿ ಅಪ್ಪಚ್ಚಿಯಾಗಿ ಕೂರುವುದನ್ನು ಅವರು ಕಂಡುಹಿಡಿದರು. ಕವರಣ್ಣನ ಮೂಗು ಸಣ್ಣದೇನಲ್ಲ. "ಗೀರಿನ ಮಾತು ಆಮೇಲೆ. ನಿಮ್ಮ ಮೂಗಿನ ಜಿಡ್ಡಿಗೇ ಪರದೆ ಹಾಳಾಗುತ್ತೆ, ಹಾಕಿಸ್ಕೊಳ್ಳಿ" ಎಂದರು. ಶತ್ರು ಬೀಗದಕೈ ಅಲ್ಲ, ತನ್ನ ಮುಖದ ಮೇಲೇ ಕುಳಿತಿದೆ ಎಂದು ತಿಳಿದು ಕವರಣ್ಣ ಬೆಚ್ಚಿದರು. ಸರ್ಕಾರಿ ವಸ್ತುವಾದ್ದರಿಂದ ಅನುಮತಿ ಬೇಕಲ್ಲ. ಫೋನಿನಲ್ಲಿ ಮಾತಾಡುತ್ತಿದ್ದ ಸಾಹೇಬರ ಮುಂದೆ ನಿಂತು, "ಸಾರ್, ಪರದೆಗೊಂದು ಗಾರ್ಡ್..." ಎಂದರು. ಸಾಹೇಬರು ಫೋನು ಕೆಳಗಿಡದೆ "ನೋಡೋಣ" ಎಂದರು. ನಮ್ಮ ಆಫೀಸಿನಲ್ಲಿ ನೋಡೋಣ ಎಂದರೆ ಹೂಂ ಎಂದೂ ಹೌದು, ಊಹೂಂ ಎಂದೂ ಹೌದು. ಕವರಣ್ಣ ತಮಗೆ ಬೇಕಾದದ್ದನ್ನು ಎತ್ತಿಕೊಂಡರು.

ಅಂಟಿಸುವ ಕೆಲಸ ಅವರ ಮನೆಯ ಬಚ್ಚಲುಮನೆಯಲ್ಲಿ ನಡೆಯಿತು. ಗಾಳಿಯಲ್ಲಿ ಧೂಳಿರುತ್ತದೆ, ಬಿಸಿನೀರು ಬಿಟ್ಟು ಹಬೆ ಎಬ್ಬಿಸಿದರೆ ಧೂಳು ಕೆಳಗೆ ಕೂರುತ್ತದೆ ಎಂದು ಯಾರೋ ಹೇಳಿದ್ದರಂತೆ. ಬನಿಯನ್ನಿನಿಂದ ನೂಲು ಉದುರುತ್ತದೆ ಎಂದು ಅದನ್ನೂ ಬಿಚ್ಚಿಟ್ಟರು. ಆ ಮನೆಯಲ್ಲಿ ಕವರಿಲ್ಲದ ವಸ್ತುವೊಂದನ್ನು ಅವರ ಹೆಂಡತಿ ಮೊದಲ ಸಲ ನೋಡಿದ್ದು ಅಂದೇ ಇರಬೇಕು. ಗೋಡೆಯಾಚೆ ನಾನು ಚಹಾ ಲೋಟ ಹಿಡಿದು ನಿಂತಿದ್ದೆ.

"ಕೂದಲು! ಕೂದಲು ಬಿತ್ತು!"

"ಊದಿ ಮತ್ತೆ!"

"ಊದಿದ್ರೆ ಎಂಜಲು ಬೀಳುತ್ತೆ ಕಣೇ!"

"ಹಾಗಾದ್ರೆ ಬಾಯಿ ಮುಚ್ಕೊಂಡು ಅಂಟಿಸಿ!"

ಸ್ವಲ್ಪ ಹೊತ್ತು ನೀರಿನ ಸದ್ದು ಮಾತ್ರ. ಆಮೇಲೆ ಹೆಂಡತಿಯ ಧ್ವನಿ. "ಮೇಲ್ಗಡೆ ಎಡಕ್ಕೆ ಒಂದು ಗುಳ್ಳೆ ಉಳೀತಲ್ರೀ."

ಕಡಲೆಕಾಳಿನಷ್ಟು ಗಾಳಿ ಹಾಳೆಯಡಿ ಸಿಕ್ಕಿಕೊಂಡಿತ್ತು. ಕವರಣ್ಣ ಸ್ಕೇಲು ತೆಗೆದುಕೊಂಡು ಅದನ್ನು ನೂಕಿದರು, ಸವರಿದರು, ಅಂಚಿನವರೆಗೂ ಓಡಿಸಿದರು. ಗುಳ್ಳೆ ಮಾಯವಾಯಿತು. ಕವರಣ್ಣ ಜಯಘೋಷ ಮಾಡಿ, ಕ್ಯಾಮೆರಾವನ್ನು ಅದರ ಚೀಲದಲ್ಲಿಟ್ಟು, ಚೀಲವನ್ನು ಇನ್ನೊಂದು ಚೀಲದಲ್ಲಿಟ್ಟು ಮಲಗಿಸಿದರು. ಇತ್ತ ಚೀಲದ ಕತ್ತಲೆಯಲ್ಲಿ ಗುಳ್ಳೆ ನಿಧಾನವಾಗಿ ತನ್ನ ಜಾಗಕ್ಕೆ ವಾಪಸು ಬಂದು ಕುಳಿತುಕೊಂಡಿತು. ಇಷ್ಟು ಹೇಳಿದ ಮೇಲೆ ಓದುಗರಿಗೆ ಮುಂದಿನದೆಲ್ಲ ಹೊಳೆದುಹೋಗಿರುತ್ತದೆ. ನಮಗೆ ಹೊಳೆಯಲು ಒಂದು ಬೀದಿಯೇ ಅಲ್ಲಾಡಬೇಕಾಯಿತು.

ಮಾರನೆಯ ದಿನ ಮೊದಲ ಫೋಟೋ ಸಾಹೇಬರದೇ ಆಗಬೇಕಲ್ಲ. ಅವರ ಕೋಣೆಯಲ್ಲಿ, ಅವರ ಕುರ್ಚಿಯಲ್ಲಿ, ಪೆನ್ನು ಹಿಡಿದು ಏನೋ ಬರೆಯುತ್ತಿರುವ ಭಂಗಿ. ಕವರಣ್ಣ ಪರದೆ ತೋರಿಸಿದರು. ಸಾಹೇಬರ ತಲೆಯ ಮೇಲ್ಗಡೆ, ಸ್ವಲ್ಪ ಎಡಕ್ಕೆ, ಗೋಡೆಯ ಮೇಲೆ ದುಂಡಗೆ ಏನೋ ಮಿರುಗುತ್ತಿತ್ತು.

"ಇದೇನ್ರೀ ಇದು?" ಎಂದರು ಸಾಹೇಬರು.

ಜವಾನ ಬಗ್ಗಿ ನೋಡಿ, "ಪ್ರಭಾವಳಿ ಸಾರ್" ಎಂದುಬಿಟ್ಟ.

ಸಾಹೇಬರು ಬೇಡವೆನ್ನಲಿಲ್ಲ. ಇನ್ನೊಮ್ಮೆ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. "ಕೆಲವರ ಕೈಗುಣ" ಎಂದು ಕವರಣ್ಣನ ಬೆನ್ನು ತಟ್ಟಿದರು. ನಾನೂ ನೋಡಿ ತಲೆದೂಗಿದೆ. ಮುಂದಿನ ತಿಂಗಳು ನನ್ನ ರಜೆಯ ಅರ್ಜಿ ಅವರ ಮುಂದೆ ಹೋಗುವುದಿತ್ತು.

ತಪಾಸಣೆ ಶುರುವಾದದ್ದು ಆಫೀಸಿನ ಹಿಂದಿನ ಬೀದಿಯಿಂದ. ಮೊದಲ ಕಟ್ಟಡ ಕವರಣ್ಣನ ಹೆಂಡತಿಯ ಅಣ್ಣನದು. ಕೆಳಗೆ ಅವರ ಟೈಲರ್ ಅಂಗಡಿ, ಮಹಡಿಯಲ್ಲಿ ಹೊಲಿಗೆ ಯಂತ್ರಗಳು. ಶಾಲೆ ತೆರೆಯುವ ದಿನಗಳಾದ್ದರಿಂದ ಕತ್ತರಿಸಿಟ್ಟ ಸಮವಸ್ತ್ರಗಳು ಕಿಟಕಿಯವರೆಗೂ ರಾಶಿ ಬಿದ್ದಿದ್ದವು. ಬಾಡಿಗೆ ಮಳಿಗೆಗಳಲ್ಲಿ ಕುತ್ತಿಗೆ ಬಗ್ಗಿಸಿ ಬಗ್ಗಿಸಿ ಹೊಲಿದು, ಕೊನೆಗೊಮ್ಮೆ ತನ್ನದೇ ಎಂದು ಕೊಂಡ ಕಟ್ಟಡ ಅದು. ಭಾವನ ಕಟ್ಟಡವೆಂದು ಕವರಣ್ಣ ವಿಶೇಷ ಮುತುವರ್ಜಿಯಿಂದ, ರಸ್ತೆಯ ಆಚೆ ಬದಿಯ ಚರಂಡಿ ಕಟ್ಟೆ ಹತ್ತಿ ಫೋಟೋ ತೆಗೆದರು.

ಸಾಹೇಬರು ಪರದೆ ನೋಡಿದವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಮಹಡಿಯ ಎಡ ಗೋಡೆಯಲ್ಲಿ ದೊಡ್ಡದೊಂದು ಉಬ್ಬು.

"ಗೋಡೆ ಹೊಟ್ಟೆ ಬಿಟ್ಟಿದೆ!"

ಸಾಹೇಬರು ಗುಂಡಿ ಒತ್ತಿ ಚಿತ್ರವನ್ನು ದೊಡ್ಡದು ಮಾಡಿದರು. ಕಿಟಕಿ ದೊಡ್ಡದಾಯಿತು, ಇಟ್ಟಿಗೆ ದೊಡ್ಡದಾಯಿತು, ಕಿಟಕಿಯಲ್ಲಿ ನೇತುಹಾಕಿದ್ದ ಲಂಗದ ನೆರಿಗೆ ಎಣಿಸುವಷ್ಟು ದೊಡ್ಡದಾಯಿತು. ಉಬ್ಬು ಮಾತ್ರ ಇದ್ದಷ್ಟೇ ಇತ್ತು.

"ನೋಡಿದ್ರಾ?" ಎಂದರು ಸಾಹೇಬರು ಗಂಭೀರವಾಗಿ. "ಎಷ್ಟು ಎಳೆದ್ರೂ ಜಗ್ತಾ ಇಲ್ಲ. ಇದು ಗಟ್ಟಿ ಉಬ್ಬು."

ಅವರ ಕುತೂಹಲ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಗಿಂದಾಗಲೇ ಎದ್ದು ಬೀದಿಗೆ ಬಂದು ಗೋಡೆಯನ್ನು ಕಣ್ಣಾರೆ ನೋಡಿದರು. ಗೋಡೆ ನೆಟ್ಟಗಿತ್ತು. ಬೇರೆಯವರಾಗಿದ್ದರೆ ಅಲ್ಲಿಗೆ ವಿಷಯ ಮುಗಿಯುತ್ತಿತ್ತು.

"ಕಣ್ಣಿಗೆ ಕಾಣ್ತಿಲ್ಲ. ಅದೇ ಅಪಾಯ," ಎಂದರು. "ನಮ್ಮ ಕಣ್ಣಿಗೆ ಈ ಗೋಡೆ ಅಭ್ಯಾಸ ಆಗಿಬಿಟ್ಟಿದೆ. ಕ್ಯಾಮೆರಾ ಹೊಸದು. ಅದಕ್ಕೆ ದಾಕ್ಷಿಣ್ಯ ಇಲ್ಲ."

ಟೈಲರ್ ಭಾವ ಕುತ್ತಿಗೆಗೆ ಟೇಪು ಹಾಕಿಕೊಂಡೇ ಓಡಿಬಂದರು. ಸಾಹೇಬರು ಹೇಳಿದ್ದನ್ನು ಕೇಳಿ, ಏಣಿ ತರಿಸಿ, ಗೋಡೆಯನ್ನು ಮೇಲಿಂದ ಕೆಳಗೆ, ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಅಳೆದರು. "ಎದೆ, ಸೊಂಟ ಎಲ್ಲ ಒಂದೇ ಸಮ ಇದೆ ಸಾರ್! ಇಂಥ ಮೈಕಟ್ಟಿನ ಗಿರಾಕಿ ನನ್ನ ಅಂಗಡಿಗೆ ಇವತ್ತಿನವರೆಗೂ ಬಂದಿಲ್ಲ!" ಎಂದು ಏಣಿಯ ಮೇಲಿಂದಲೇ ಕೂಗಿದರು. ಆದರೆ ಕೆಳಗಿಳಿದು ಕ್ಯಾಮೆರಾದ ಪರದೆ ನೋಡಿದ ಮೇಲೆ ಟೇಪನ್ನು ಮೆಲ್ಲಗೆ ಸುತ್ತಿಕೊಂಡರು. ಉಬ್ಬು ಇತ್ತು. ನಾನೂ ನೋಡಿದೆ, ಇತ್ತು.

ಸಂಜೆಯೊಳಗೆ ನೋಟೀಸು ಬಂತು. ವಾರದೊಳಗೆ ಕಟ್ಟಡ ಖಾಲಿ ಮಾಡಬೇಕು, ತಪ್ಪಿದರೆ ಬೀಗ ಹಾಕಲಾಗುವುದು, ಆಮೇಲೆ ಕೆಡವುವ ವಿಚಾರ.

ಅಂದು ಗೋಡೆಯಾಚೆಯಿಂದ ಬಂದದ್ದನ್ನು ಕೇಳಲು ಗೋಡೆಗೆ ಲೋಟ ಒತ್ತಬೇಕಾಗಲಿಲ್ಲ. ನನ್ನ ಹೆಂಡತಿಯೂ ಒಲೆ ಆರಿಸಿ ಕೇಳಲು ಬಂದು ನಿಂತಳು. ಆಚೆ ಕವರಣ್ಣನ ಹೆಂಡತಿ ಶುರುಮಾಡಿದ್ದರು.

"ಊರಲ್ಲಿ ಇಷ್ಟು ಗೋಡೆ ಇರುವಾಗ ನಿಮ್ಮ ಕಣ್ಣಿಗೆ ನಮ್ಮಣ್ಣನ ಗೋಡೆನೇ ಬೇಕಿತ್ತಾ?"

"ನಾನು ತೆಗೆದೆ ಅಷ್ಟೇ ಕಣೇ. ಉಬ್ಬಿದ್ದು ಗೋಡೆ!"

"ಆ ಮಕ್ಕಳ ಬಟ್ಟೆ ಎಲ್ಲಿಟ್ಕೊಂಡು ಹೊಲೀಬೇಕು ಅವನು? ಬೀದೀಲಾ? ಅಂಗಡಿ ಹೋದ್ರೆ ಅವನ ಕಥೆ ಏನು ಅಂತ ಯೋಚನೆ ಮಾಡಿದ್ದೀರಾ?" ಪಾತ್ರೆಯೊಂದನ್ನು ಕುಕ್ಕಿದ ಸದ್ದು ಕೇಳಿತು. ಆಮೇಲೆ, "ನಮ್ಮಣ್ಣಂದು ಒಂದೇನಾ ಉಬ್ಬಿರೋದು? ಪಕ್ಕದ ಬೇಕರಿದು ತೆಗೆದು ನೋಡಿ!" ಎಂದರು.

ಕವರಣ್ಣ ಪೆಚ್ಚಾಗಿ ಹೊರಗೆ ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ಅವರ ಮುಖ ನೋಡಿ ನನಗೆ ಪಾಪ ಎನಿಸಿತು. ತಾನು ಜೋಪಾನ ಮಾಡಿದ ವಸ್ತುವಿನಿಂದಲೇ ಮನೆ ಮುರಿಯುವ ಕಾಲ ಬಂದರೆ ಯಾರಿಗಾದರೂ ಸಂಕಟವೇ. ಅವರನ್ನು ಸಮಾಧಾನ ಮಾಡುತ್ತ, "ಚಿತ್ರವನ್ನ ಕಂಪ್ಯೂಟರಲ್ಲಿ ದೊಡ್ಡದಾಗಿ ನೋಡಬಹುದಲ್ಲ" ಎಂದೆ.

"ಅದಕ್ಕೆ ಕೇಬಲ್ ಬೇಕಲ್ರೀ."

"ಡಬ್ಬೀಲಿ ಇಲ್ವಾ?"

"ಇದೆ. ಆದ್ರೆ ಸೀಲ್ ಆದ ಕವರಲ್ಲಿದೆ." ಅವರು ನನ್ನನ್ನು ನೋಡಿದ ರೀತಿಯಲ್ಲಿ, ಇನ್ನು ಆ ವಿಷಯ ಎತ್ತಬಾರದು ಎಂದು ನನಗೆ ಅರ್ಥವಾಯಿತು.

ಮಾರನೆಯ ದಿನ ಹೆಂಡತಿಯ ಮಾತಿನಂತೆ ಬೇಕರಿಯ ಫೋಟೋ ತೆಗೆದರು. ಉಬ್ಬಿತ್ತು. ಕನ್ನಡಕದ ಅಂಗಡಿ ತೆಗೆದರು. ಉಬ್ಬಿತ್ತು. ಬೀದಿಯ ತುದಿಯಲ್ಲಿ ನಿವೃತ್ತ ಮೇಷ್ಟ್ರ ಮನೆ, ಹೊಸದಾಗಿ ಸುಣ್ಣ ಬಳಿದದ್ದು, ಅದೂ ಉಬ್ಬಿತ್ತು. ಭಾವನ ಗೋಡೆಯೊಂದೇ ಅಲ್ಲ ಎಂದು ತೋರಿಸಿದರೆ ನೋಟೀಸು ವಾಪಸಾದೀತು ಎಂಬ ಆಸೆಯಿಂದ ಕವರಣ್ಣ ಎಲ್ಲವನ್ನೂ ಸಾಹೇಬರ ಮುಂದೆ ಇಟ್ಟರು. ಸಾಹೇಬರು ಒಂದೊಂದೇ ನೋಡುತ್ತ ಹೋದಂತೆ ಅವರ ಮುಖ ಅರಳತೊಡಗಿತು. ಇಷ್ಟು ವರ್ಷದ ನೌಕರಿಯಲ್ಲಿ ಅವರಿಗೊಂದು ದೊಡ್ಡ ಸಮಸ್ಯೆ ಸಿಕ್ಕಿರಲಿಲ್ಲ.

"ಇದು ಗೋಡೆ ತಪ್ಪಲ್ಲ. ನೆಲದಡಿಯಿಂದ ಏನೋ ನೂಕ್ತಾ ಇದೆ!"

ಇಡೀ ಬೀದಿಗೆ ನೋಟೀಸು ಹೋಯಿತು. ಬೀದಿಯವರ ನಡವಳಿಕೆಯೇ ಬದಲಾಯಿತು. ಜನ ಗೋಡೆ ಬಿಟ್ಟು ರಸ್ತೆಯ ನಟ್ಟನಡುವೆ ಸಾಲಾಗಿ ನಡೆಯತೊಡಗಿದರು. ಬೇಕರಿಯವನು ಒಳಗೆ ಹೋಗುವಾಗ ತಲೆಯ ಮೇಲೆ ದೊಡ್ಡ ಅಲ್ಯೂಮಿನಿಯಂ ತಟ್ಟೆ ಹಿಡಿದುಕೊಂಡೇ ಹೋಗುತ್ತಿದ್ದ. ಮೇಷ್ಟ್ರು ಬೆಳಿಗ್ಗೆ ಸಂಜೆ ಗೋಡೆಗೆ ಕಿವಿಯಿಟ್ಟು, "ಇವತ್ತು ಸ್ವಲ್ಪ ಮೆತ್ತಗಿದೆ" ಎಂದು ಹೋಗಿಬರುವವರಿಗೆ ವರದಿ ಕೊಡುತ್ತಿದ್ದರು. ಎಲ್ಲರಿಗೂ ಭಯಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ನೆಲದಡಿ ಏನಿದೆ? ನೀರೋ, ಬೇರೋ, ಮತ್ತೇನೋ? ಟೈಲರ್ ಭಾವ ಮಾತ್ರ ಈ ಚರ್ಚೆಗೆ ಬರಲಿಲ್ಲ. ಅವರ ಯಂತ್ರಗಳ ಸದ್ದು ಬೆಳಗಿನಿಂದ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಬೀಗ ಬೀಳುವ ಮೊದಲು ಆದಷ್ಟು ಸಮವಸ್ತ್ರ ಮುಗಿಸಿಬಿಡಬೇಕು ಎಂದು ಕುಳಿತಿದ್ದರು. ಕವರಣ್ಣ ಆ ದಾರಿಯಲ್ಲಿ ಹೋದರೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಕವರಣ್ಣ ಸುಮ್ಮನೆ ಕೂರಲಿಲ್ಲ. ಊಟದ ಹೊತ್ತಿನಲ್ಲಿ ನನ್ನನ್ನೂ ಎಳೆದುಕೊಂಡು ಹೋಗಿ, ಭಾವನ ಕಟ್ಟಡದ ಮುಂದೆ ಕ್ಯಾಮೆರಾವನ್ನು ಅಡ್ಡ ಹಿಡಿದರು, ನೆಟ್ಟಗೆ ಹಿಡಿದರು, ತಲೆಕೆಳಗು ಹಿಡಿದರು. ಪ್ರತಿ ಸಲವೂ ಮೂಗು ಹಾಳೆಗೆ ಒತ್ತಿ, ಕಣ್ಣು ಕಿಂಡಿಗೆ ನೆಟ್ಟು, ಆಮೇಲೆ ಪರದೆ ಒರೆಸಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದರು.

"ರೀ, ಉಬ್ಬು ಓಡಾಡ್ತಿದೆ!"

"ಏನಂದ್ರಿ?"

"ಅಡ್ಡ ಹಿಡಿದಾಗ ಮಹಡೀಲಿತ್ತು. ನೆಟ್ಟಗೆ ಹಿಡಿದ್ರೆ ಕೆಳಗಡೆ ಅಂಗಡಿ ಬಾಗಿಲಿಗೆ ಬಂದಿದೆ. ತಲೆಕೆಳಗು ಹಿಡಿದ್ರೆ ಬಲಗಡೆ ಮೂಲೆಗೆ ಹೋಗಿದೆ. ನೋಡಿ ಬೇಕಾದ್ರೆ!"

ನೋಡಿದೆ. ಹೌದು, ಓಡಾಡುತ್ತಿತ್ತು. ಇಷ್ಟರಲ್ಲಿ ನಮ್ಮಿಬ್ಬರಲ್ಲಿ ಒಬ್ಬನಿಗಾದರೂ ಬುದ್ಧಿ ಬರಬೇಕಿತ್ತು ಎಂದು ನೀವು ಹೇಳಬಹುದು. ಹೇಳಿ. ಆದರೆ ಸಾಹೇಬರೇ ಗಟ್ಟಿ ಉಬ್ಬು ಎಂದು ಬರೆದು ಸಹಿ ಮಾಡಿ ಮೊಹರು ಹಾಕಿದ ಮೇಲೆ, ಗುಳ್ಳೆ ಎಂದು ಯೋಚಿಸುವ ಅಧಿಕಾರ ಗುಮಾಸ್ತರಿಗೆ ಇರುವುದಿಲ್ಲ.

ಒಂದೇ ಕಡೆ ನಿಲ್ಲದ ಉಬ್ಬು ಉಬ್ಬೇ ಅಲ್ಲ, ಆದ್ದರಿಂದ ಭಾವ ಬಚಾವು ಎಂಬುದು ಕವರಣ್ಣನ ತರ್ಕ. ಅದನ್ನೇ ಹೋಗಿ ಸಾಹೇಬರಿಗೆ ಹೇಳಿದರು. ಸಾಹೇಬರು ಮೆಲ್ಲಗೆ ಎದ್ದು ನಿಂತರು.

"ಓಡಾಡ್ತಾ ಇದೆಯಾ? ಒಂದು ಕಡೆ ನಿಂತಿದ್ರೆ ರಿಪೇರಿ ಮಾಡಬಹುದಿತ್ತು. ಓಡಾಡೋದನ್ನ ಏನು ಮಾಡ್ತೀರಿ? ಇವತ್ತು ಆ ಬೀದಿ, ನಾಳೆ ಈ ಆಫೀಸು!" ಎಂದವರೇ ಕಮಿಷನರ್ ಮೇಡಂಗೆ ಫೋನು ಮಾಡಿದರು.

ವಾಪಸು ಬಂದ ಕವರಣ್ಣ ತಮ್ಮ ಕುರ್ಚಿಯಲ್ಲಿ ಕುಸಿದರು. "ಭಾವನ್ನ ಉಳಿಸೋಕೆ ಹೋಗಿ ಊರನ್ನೇ ಖಾಲಿ ಮಾಡಿಸ್ತಿದ್ದೀನಲ್ರೀ" ಎಂದರು.

ಮೇಡಂ ಬಂದ ದಿನ ಬೆಳಿಗ್ಗೆ ಇಡೀ ಬೀದಿ ಹೊರಗೆ ನಿಂತಿತ್ತು. ಬೇಕರಿಯವನು ತಟ್ಟೆ ಸಮೇತ ಬಂದಿದ್ದ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕವರಣ್ಣನ ಹೆಂಡತಿ ಅಣ್ಣನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಗಂಡನ ಕಡೆ ನೋಡದಿರುವುದರಲ್ಲಿ ಅವರು ತೋರಿಸುತ್ತಿದ್ದ ಶ್ರದ್ಧೆ ಎಲ್ಲರಿಗೂ ಕಾಣುತ್ತಿತ್ತು. ಜವಾನ ಕೈಯಲ್ಲಿ ದೊಡ್ಡದೊಂದು ಬೀಗ ಹಿಡಿದಿದ್ದ. ಟೈಲರ್ ಭಾವನ ಕಣ್ಣು ಆ ಬೀಗ ಬಿಟ್ಟು ಬೇರೆಡೆ ಹೋಗುತ್ತಿರಲಿಲ್ಲ.

ಮೇಡಂ ಸಣ್ಣ ಆಳು, ಮಾತು ಕಡಿಮೆ. ಗೋಡೆಯನ್ನು ಒಮ್ಮೆ ನೋಡಿ, "ಎಲ್ಲಿ ಉಬ್ಬು?" ಎಂದರು.

"ಅಲ್ಲಿ ಕಾಣಲ್ಲ ಮೇಡಂ. ಇಲ್ಲಿ ಕಾಣುತ್ತೆ," ಎಂದು ಸಾಹೇಬರು ಕ್ಯಾಮೆರಾ ಮುಂದೆ ಹಿಡಿದರು. ಮೇಡಂ ನೋಡಿದರು. ಅವರ ಹುಬ್ಬು ಮೇಲೇರಿತು. ಸಾಹೇಬರು ಉತ್ಸಾಹದಿಂದ ಗುಂಡಿ ಒತ್ತುತ್ತ, ಬೇಕರಿಯ ಉಬ್ಬು, ಕನ್ನಡಕದಂಗಡಿಯ ಉಬ್ಬು, ಮೇಷ್ಟ್ರ ಉಬ್ಬು ಎಂದು ಒಂದೊಂದನ್ನೇ ಪರಿಚಯ ಮಾಡಿಕೊಟ್ಟರು. "ಇನ್ನು ಇದು ಓಡಾಡೋ ಉಬ್ಬು ಮೇಡಂ, ಸರಿಯಾಗಿ ನೋಡಿ..."

ಆಗ ಬ್ಯಾಟರಿ ಮುಗಿಯಿತು. ಪರದೆ ಕಪ್ಪಾಯಿತು. ಬೀದಿ ಹೋಯಿತು, ಗೋಡೆ ಹೋಯಿತು, ಅಂಗಡಿ ಹೋಯಿತು. ಉಬ್ಬು ಮಾತ್ರ ಹೋಗಲಿಲ್ಲ.

ಕಪ್ಪು ಪರದೆಯ ಮೇಲೆ, ಎಡಗಡೆ ಮೇಲ್ಗಡೆ, ಅದು ಬಿಸಿಲಿಗೆ ಮಿರುಗುತ್ತ ಕುಳಿತಿತ್ತು. ಸಾಹೇಬರು ಕ್ಯಾಮೆರಾವನ್ನು ಒಮ್ಮೆ ಅಲ್ಲಾಡಿಸಿದರು. ಉಬ್ಬು ಅಲ್ಲೇ ಇತ್ತು. "ಬ್ಯಾಟರಿ ಇಲ್ದೇನೂ ಇದೆ ಮೇಡಂ" ಎಂದರು ಸಣ್ಣ ದನಿಯಲ್ಲಿ. ಅವರಿಗೆ ಆಗಲೂ ಅದು ಸಮಸ್ಯೆಯ ಗಂಭೀರತೆಗೆ ಇನ್ನೊಂದು ಸಾಕ್ಷಿಯಂತೆಯೇ ಕಂಡಿತ್ತೋ ಏನೋ.

ಮೇಡಂ ಕ್ಯಾಮೆರಾ ಇಸಿದುಕೊಂಡು, ಮೂಲೆಯಲ್ಲಿ ಉಗುರು ತೂರಿಸಿ, ಚರ್ರೆಂದು ಎಳೆದರು. ಹಾಳೆ ಕಿತ್ತು ಬಂತು. ಕವರಣ್ಣನ ಬಾಯಿಂದ ಹೊರಟ ಸದ್ದನ್ನು ಕೇಳಿದರೆ, ಹಾಳೆಯ ಬದಲು ಅವರ ಚರ್ಮವನ್ನೇ ಎಳೆದರೋ ಏನೋ ಎಂದುಕೊಳ್ಳಬೇಕು. ಮೇಡಂ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಅದರ ಮೇಲೆ ಕವರಣ್ಣನ ಮೂಗಿನ ಗುರುತು ಸ್ಪಷ್ಟವಾಗಿತ್ತು.

"ಇದು ನಿಮ್ಮ ನೆಲದಡಿಯ ಶಕ್ತಿ," ಎಂದರು.

ಬೇಕರಿಯವನು ತಲೆಯ ಮೇಲಿನ ತಟ್ಟೆಯನ್ನು ಮೆಲ್ಲಗೆ ಇಳಿಸಿದ. ಮೇಷ್ಟ್ರು, "ಅದಕ್ಕೇ ನನಗೆ ಒಳಗಿಂದ ಏನೂ ಕೇಳಿಸ್ತಿರಲಿಲ್ಲ" ಎಂದರು. ಟೈಲರ್ ಭಾವ ಕುತ್ತಿಗೆಯ ಟೇಪು ತೆಗೆದು ಮುಖ ಒರೆಸಿಕೊಂಡರು. ಅವರ ಕೈಗೆ ಸಿಕ್ಕ ಬಟ್ಟೆಯಂಥದ್ದು ಅದೊಂದೇ ಇತ್ತು. ತಂಗಿ ಅಣ್ಣನ ತೋಳು ಹಿಡಿದುಕೊಂಡು ಅತ್ತೇಬಿಟ್ಟರು.

ಸಾಹೇಬರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. "ಹಾಳೆ ಇಲ್ಲದೆ ಇನ್ನೊಂದ್ಸಲ ನೋಡಿಬಿಡೋಣ ಮೇಡಂ" ಎಂದರು. ನೋಡಲು ಬ್ಯಾಟರಿ ಬೇಕು. ಹೆಚ್ಚುವರಿ ಬ್ಯಾಟರಿ ಇತ್ತು, ಸೀಲ್ ಆದ ಕವರಿನಲ್ಲಿ. ಎಲ್ಲರೂ ಕವರಣ್ಣನ ಕಡೆ ತಿರುಗಿದರು. ಕವರಣ್ಣ ಕವರನ್ನು ಹಿಡಿದು ಹೆಂಡತಿಯ ಮುಖ ನೋಡಿದರು. ಎಷ್ಟೋ ದಿನದ ಮೇಲೆ ಆಕೆ ಅವರನ್ನು ನೇರವಾಗಿ ನೋಡಿ, "ಹರೀರಿ" ಎಂದರು. ಕಣ್ಣು ಮುಚ್ಚಿ ಹರಿದರು.

ಫೋಟೋಗಳು ಬಂದವು. ಬೇಕರಿ ನೆಟ್ಟಗಿತ್ತು. ಕನ್ನಡಕದ ಅಂಗಡಿ ನೆಟ್ಟಗಿತ್ತು. ಟೈಲರ್ ಭಾವನ ಗೋಡೆಯಂತೂ ಇಸ್ತ್ರಿ ಹಾಕಿದ ಹಾಗಿತ್ತು. ಮೇಡಂ ಹಿಂದಕ್ಕೆ ಒತ್ತುತ್ತಲೇ ಹೋಗಿ ಎಲ್ಲಕ್ಕೂ ಮೊದಲ ಫೋಟೋಗೆ ಬಂದರು. ಕುರ್ಚಿಯಲ್ಲಿ ಕುಳಿತು ಪೆನ್ನು ಹಿಡಿದ ನಮ್ಮ ಸಾಹೇಬರು. ಪ್ರಭಾವಳಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ, ಸೂರಿನಿಂದ ಹೊರಟು ಸಾಹೇಬರ ತಲೆಯ ನೇರಕ್ಕೆ ಇಳಿದಿದ್ದ, ಕೈ ಹೋಗುವಷ್ಟು ಅಗಲದ ಬಿರುಕೊಂದು ಇತ್ತು.

"ಇದು ಯಾವ ಕಟ್ಟಡ?" ಎಂದರು ಮೇಡಂ.

ಸಾಹೇಬರು ನೋಡಿದರು. ನೋಡುತ್ತಲೇ ನಿಂತರು. ಕೊನೆಗೆ ಜವಾನನೇ ಹೇಳಬೇಕಾಯಿತು. "ನಮ್ಮ ಆಫೀಸು ಮೇಡಂ."

ಎಲ್ಲರೂ ಸಾಹೇಬರ ಕೋಣೆಗೆ ನಡೆದೆವು. ಬಾಗಿಲಲ್ಲಿ ನಿಂತು ಒಳಗೆ ನೋಡಿದೆವು. ಬಿರುಕು ಇತ್ತು. ಕ್ಯಾಮೆರಾ ಬೇಕಿರಲಿಲ್ಲ, ಬರಿಗಣ್ಣಿಗೆ ಕಾಣುತ್ತಿತ್ತು, ಅದರಲ್ಲಿ ಗುಬ್ಬಿಯೊಂದು ಗೂಡೂ ಕಟ್ಟಿತ್ತು. ಅದು ಒಂದೆರಡು ದಿನದ್ದಲ್ಲ.

"ಇಷ್ಟು ಜನ ದಿನಾ ಈ ಕೋಣೆಗೆ ಬಂದುಹೋಗ್ತೀರಲ್ಲ, ಒಬ್ಬರಿಗೂ ಕಾಣಲಿಲ್ವಾ?" ಎಂದರು ಮೇಡಂ.

ಉತ್ತರ ನಮ್ಮೆಲ್ಲರಿಗೂ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಾಹೇಬರ ಬೆನ್ನು ಯಾವಾಗಲೂ ಗೋಡೆಗೆ. ಅವರ ಎದುರು ನಿಂತ ನಮ್ಮ ಕಣ್ಣು ಯಾವಾಗಲೂ ನಮ್ಮ ಚಪ್ಪಲಿಗೆ. ಆ ಕೋಣೆಯಲ್ಲಿ ತಲೆ ಎತ್ತಿ ನಿಂತವರು ಒಬ್ಬರೂ ಇರಲಿಲ್ಲ.

ಜವಾನ ತಂದಿದ್ದ ಬೀಗ ವ್ಯರ್ಥವಾಗಲಿಲ್ಲ. ಅದನ್ನು ನಮ್ಮ ಆಫೀಸಿಗೇ ಹಾಕಿದರು. ಕಟ್ಟಡ ವಿಭಾಗವನ್ನು ಎ‌ಲ್ಲಾದರೂ ಸುರಕ್ಷಿತ ಕಟ್ಟಡಕ್ಕೆ ಸಾಗಿಸಬೇಕಾಯಿತು. ಹುಡುಕಿ ನೋಡಿದರೆ ಇಡೀ ಊರಿನಲ್ಲಿ ಇಷ್ಟೊಂದು ಸಲ ತಪಾಸಣೆಯಾಗಿ, ಟೇಪು ಹಿಡಿದು ಮೂಲೆ ಮೂಲೆ ಅಳೆದು, ನೆಟ್ಟಗಿದೆ ಎಂದು ಕಮಿಷನರೇ ಕಣ್ಣಾರೆ ಕಂಡು ಒಪ್ಪಿದ ಕಟ್ಟಡ ಒಂದೇ ಇತ್ತು. ಸಮವಸ್ತ್ರಗಳನ್ನೆಲ್ಲ ಹೊಲಿದು ಮುಗಿಸಿದ ಮೇಲೆ ಟೈಲರ್ ಭಾವ ತಮ್ಮ ಮಹಡಿಯ ಅರ್ಧ ಭಾಗವನ್ನು ನಮಗೆ ಬಾಡಿಗೆಗೆ ಕೊಟ್ಟರು. ನೋಟೀಸು ಕೊಟ್ಟ ಸಾಹೇಬರು ಈಗ ಮೆಟ್ಟಿಲು ಹತ್ತುವಾಗ ಅಂಗಡಿಯ ಮುಂದೆ ಒಂದು ಕ್ಷಣ ನಿಂತು, "ಚೆನ್ನಾಗಿದ್ದೀರಾ?" ಎಂದು ಕೇಳಿ ಹೋಗುತ್ತಾರೆ.

ಗಾರ್ಡ್ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಹಾಕಬಾರದು ಎಂದು ಊರೆಲ್ಲ ಹೇಳುತ್ತದೆ. ಕವರಣ್ಣ ಒಪ್ಪುವುದಿಲ್ಲ.

"ಹಾಕಿದ್ದಕ್ಕೇ ಅಲ್ವೇನ್ರೀ ಮೇಡಂ ಬಂದಿದ್ದು? ಬಂದಿದ್ದಕ್ಕೇ ಅಲ್ವಾ ಬಿರುಕು ಕಂಡಿದ್ದು? ಇಲ್ದಿದ್ರೆ ಒಂದಿನ ಸಾಹೇಬರ ಸಮೇತ ನಾವೆಲ್ಲ ಅದರಡಿ ಇರ್ತಿದ್ವಿ."

"ಹಾಕದೇ ಇದ್ದಿದ್ರೆ ಮೊದಲನೇ ದಿನಾನೇ ಆ ಫೋಟೋದಲ್ಲಿ ಕಾಣ್ತಿತ್ತಲ್ಲ," ಎಂದೆ ನಾನು.

ಕವರಣ್ಣ ಸ್ವಲ್ಪ ಯೋಚಿಸಿ, "ಕಾಣ್ತಿತ್ತು. ಆದ್ರೆ ನೋಡ್ತಿದ್ದವರು ಯಾರು?" ಎಂದರು.

ಮೊನ್ನೆ ನನ್ನ ರಜೆಯ ಅರ್ಜಿ ಹಿಡಿದು ಹೊಸ ಕೋಣೆಯಲ್ಲಿ ಸಾಹೇಬರ ಮುಂದೆ ನಿಂತಿದ್ದೆ. ಅರ್ಜಿಯನ್ನು ಮೇಜಿನ ಮೇಲಿಟ್ಟು, ನಿಧಾನವಾಗಿ ತಲೆ ಎತ್ತಿ, ಅವರ ಹಿಂದಿನ ಗೋಡೆಯನ್ನು ಬುಡದಿಂದ ಸೂರಿನವರೆಗೂ ನೋಡಿದೆ.

"ಏನ್ರೀ ಮೇಲೆ ನೋಡ್ತಿದ್ದೀರಿ?" ಎಂದರು ಸಾಹೇಬರು.

"ಏನಿಲ್ಲ ಸಾರ್. ಅಭ್ಯಾಸ ಮಾಡ್ಕೋತಿದ್ದೀನಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಅರ್ಧ ತಿರುಗಿಸಿ, ಅವರೂ ನನ್ನ ಜೊತೆ ಮೇಲೆ ನೋಡಿದರು.